ಕಾಪುವಿನಲ್ಲಿ ಸೂರ್ಯ ತಣ್ಣಗಾದ ಭಾನುವಾರ

ಕಳೆದ ಭಾನುವಾರ ಮಧ್ಯಾಹ್ನ ನಾನು ಸೂರ್ಯನ ಮುಕ್ಕಾಲು ಭಾಗವನ್ನು ನಂದಿಸಿಬಿಟ್ಟೆ.

ನಿಮಗೆ ಗೊತ್ತೇ ಆಗಲಿಲ್ಲವೇ? ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಎಂದಿನಂತೆ ಬೆವರು ಒರೆಸಿಕೊಳ್ಳುತ್ತಿದ್ದಿರಾ? ಇರಬಹುದು. ಆದರೆ ನನ್ನ ಲ್ಯಾಪ್‌ಟಾಪಿನ ಪ್ರಕಾರ ಸೂರ್ಯನ ಕತೆ ಮುಗಿದಿತ್ತು.

ಮಣಿಪಾಲದ ಒಂದು ಕಾಲೇಜಿನಲ್ಲಿ (ಹೆಸರು ಹೇಳಿದರೆ ಇರುವ ಕೆಲಸವೂ ಹೋದೀತು) ನಾನು ಫಿಸಿಕ್ಸ್ ಗೆಸ್ಟ್ ಲೆಕ್ಚರರ್. ಗೆಸ್ಟ್ ಎಂದರೆ ಪ್ರತಿ ವರ್ಷ ಬಾಗಿಲಲ್ಲಿ ನಿಂತು ‘ಒಳಗೆ ಬರಲಾ ಸರ್?’ ಎಂದು ಹೊಸದಾಗಿ ಕೇಳಬೇಕಾದವನು. ಈ ಸಲ ಒಂದು ಸೀಟಿಗೆ ಮೂವರು. ಎಚ್‌ಒಡಿ ಸರ್ ಇಂಟರ್‌ವ್ಯೂಗೆ ಮೊದಲೇ ಹೋಮ್‌ವರ್ಕ್ ಕೊಟ್ಟರು.

“ಒಂದು ನಕ್ಷತ್ರದ ಟೆಂಪರೇಚರ್ ಅಳೆದುಕೊಂಡು ಬನ್ನಿ. ಮನೆಯಲ್ಲಿರುವ ಸಾಮಾನಿನಲ್ಲೇ ಆಗಬೇಕು. ಸೋಮವಾರ ನೋಡುವ.”

ತೀರಾ ಹತ್ತಿರದ ನಕ್ಷತ್ರ ಸೂರ್ಯ. ಅದನ್ನು ಅಳೆಯಲು ರಾಕೆಟ್ ಬೇಡ. ರಟ್ಟಿಗೆ ಸೂಜಿಯಲ್ಲಿ ತೂತು ಮಾಡಿ, ಒಂದು ಮೀಟರ್ ಆಚೆ ಬಿಳಿ ಕಾಗದ ಹಿಡಿದರೆ ಪುಟ್ಟ ಸೂರ್ಯ ಮೂಡುತ್ತಾನೆ. ಅಗಲ ಒಂದು ಸೆಂಟಿಮೀಟರಿಗೆ ಒಂಚೂರು ಕಮ್ಮಿ. ಆಮೇಲೆ ಕಪ್ಪು ಬಳಿದ ಪಾತ್ರೆಯಲ್ಲಿ ನೀರಿಟ್ಟು, ಬಿಸಿಲಿಗೆ ಎಷ್ಟು ಬೇಗ ಬಿಸಿಯಾಗುತ್ತದೆ ಎಂದು ನೋಡಬೇಕು. ಎರಡನ್ನೂ ಸೇರಿಸಿ ಲೆಕ್ಕ ಮಾಡಿದರೆ ಸೂರ್ಯನ ಮೈಬಿಸಿ ಸಿಗುತ್ತದೆ. ಜ್ವರ ನೋಡಿದ ಹಾಗೆ, ಮುಟ್ಟದೆ.

ಕಾರ್ಕಳದ ನಮ್ಮ ಮನೆಗೆ ಹಂಚಿನ ಮಾಡು. ಹಾಗಾಗಿ ಕಾಪುವಿನಲ್ಲಿರುವ ಮಾವ್ಶಿಯ ಟೆರೇಸ್ ಹಿಡಿದೆ. ಮಾವ್ಶಿ ಎಂದರೆ ನನ್ನ ಅಮ್ಮನ ತಂಗಿ. (ನಾವು ಮಾತಾಡಿದ್ದು ಕೊಂಕಣಿಯಲ್ಲಿ. ನಿಮಗಾಗಿ ಕನ್ನಡ ಮಾಡಿದ್ದೇನೆ, ಬೈಗುಳದ ರುಚಿ ಸ್ವಲ್ಪ ಕಮ್ಮಿಯಾಗಿದೆ.) ಅವರ ಅಗಲದ ಪಾತ್ರೆಗೆ ಕಪ್ಪು ಪೇಂಟ್ ಹೊಡೆದೆ. ಕೇಕ್ ಮಾಡುವಾಗ ಚುಚ್ಚುವ ವಯರಿನ ಥರ್ಮಾಮೀಟರನ್ನು ನೀರಿಗೆ ಬಿಟ್ಟೆ. ಪಕ್ಕದಲ್ಲಿ ಉಪ್ಪು ಸವರಿದ ಬಂಗುಡೆ ಮೀನುಗಳು ಒಣಗುತ್ತಾ ಮಲಗಿದ್ದವು.

ಎರಡೇ ನಿಮಿಷಕ್ಕೆ ನನ್ನ ಅಂಗಾಲು ದೋಸೆಯಾಯಿತು. ವಿಜ್ಞಾನಕ್ಕಾಗಿ ಜೀವ ಕೊಟ್ಟವರಿದ್ದಾರೆ, ಸರಿ. ಅಂಗಾಲು ಕೊಡಬೇಕು ಎಂದು ಎಲ್ಲಿ ಬರೆದಿದೆ?

ನಾನು ಕೆಳಗೆ ಬಂದು ಫ್ಯಾನಿನಡಿ ಕೂತೆ. ಮೀನು ಮಗುಚಲು ಹೊರಟಿದ್ದ ಮಾವ್ಶಿಯನ್ನೇ ಸಂಶೋಧನಾ ಸಹಾಯಕಿಯಾಗಿ ನೇಮಿಸಿದೆ.

“ಮಾವ್ಶಿ, ಎಷ್ಟು ಉಂಟು?”

“ಮೂವತ್ತೊಂದು!”

ಸ್ವಲ್ಪ ಹೊತ್ತು ಬಿಟ್ಟು, “ಈಗ?”

“ಮೂವತ್ತೊಂದೇ ಮಾರಾಯ! ನಿನ್ನ ನೀರಿಗೆ ಎಂತ, ಉದಾಸೀನವಾ?”

ಇಪ್ಪತ್ತು ನಿಮಿಷವಾದರೂ ಮೂವತ್ತಮೂರು. ಎಂಟು ಡಿಗ್ರಿ ಏರಬೇಕಾದ ನೀರು ಎರಡೇ ಏರಿತ್ತು!

ಲೆಕ್ಕ ಮಾಡಿದೆ. ಮತ್ತೆ ಮಾಡಿದೆ. ಸೂರ್ಯನಿಂದ ಬರಬೇಕಾದ ಶಾಖದಲ್ಲಿ ಕಾಲು ಭಾಗ ಮಾತ್ರ ಬರುತ್ತಿದೆ. ಟೆಂಪರೇಚರ್ ನಾಲ್ಕು ಸಾವಿರ ಕೆಲ್ವಿನ್ ಚಿಲ್ಲರೆ. ಪುಸ್ತಕದಲ್ಲಿರುವುದು ಐದು ಸಾವಿರದ ಏಳುನೂರ ಎಪ್ಪತ್ತೆರಡು. ನಾಲ್ಕು ಸಾವಿರ ಎಂದರೆ ಅದು ನಮ್ಮ ಸೂರ್ಯನೇ ಅಲ್ಲ, ಯಾವುದೋ ಕಿತ್ತಳೆ ಬಣ್ಣದ ಬಡ ನಕ್ಷತ್ರ!

ಬುದ್ಧಿ ಇರುವವನು ಆಗ ಏನು ಮಾಡುತ್ತಾನೆ? ಪಾತ್ರೆ ನೋಡುತ್ತಾನೆ. ನಾನು ಸೂರ್ಯನ ಮೇಲೆ ಸಂಶಯಪಟ್ಟೆ. ಅಷ್ಟಕ್ಕೇ ನಿಲ್ಲಿಸದೆ ಎಚ್‌ಒಡಿ ಸರ್‌ಗೆ ವಾಟ್ಸ್ಆ್ಯಪ್ ಮಾಡಿದೆ: ‘ಸರ್, ಶಾಕಿಂಗ್. ಸೂರ್ಯ ಮುಕ್ಕಾಲು ಭಾಗ ಡಿಮ್. 4000 ಚಿಲ್ಲರೆ. ಕೂಡಲೇ ಫೋನ್ ಮಾಡಿ.’

ಆಮೇಲೆ ಟೆರೇಸಿಗೆ ಓಡಿದೆ. ಸೂರ್ಯ ನೆತ್ತಿ ಸುಡುತ್ತಿದ್ದ. ಕೆಳಗೆ ನೋಡಿದರೆ ನನ್ನ ಪಾತ್ರೆ ಬಂಗುಡೆಗಳ ಜೊತೆ, ಎರಡು ಮಡಿಕೆಯ ಹಳೆ ಸೀರೆಯಡಿ ತಂಪಾಗಿ ನಿದ್ದೆ ಮಾಡುತ್ತಿತ್ತು. ಥರ್ಮಾಮೀಟರಿನ ಮುಖ ಮಾತ್ರ ಹೊರಗೆ.

“ಮಾವ್ಶಿ! ಇದೆಂತ ಮಾಡಿದ್ದು?”

“ಕಾಗೆ ಉಂಟಲ್ಲ ಪುತಾ. ಮೀನಿಗೆ ಮುಚ್ಚಿದೆ, ನಿನ್ನದಕ್ಕೂ ಮುಚ್ಚಿದೆ. ಉಪಕಾರ ಮಾಡಿದರೆ ಬೊಬ್ಬೆ ಹಾಕುತ್ತೀಯಲ್ಲ!”

ಕಾಪುವಿನಲ್ಲಿ ಟೆರೇಸಿನ ಮೇಲೆ ಏನಿಟ್ಟರೂ ಅದಕ್ಕೊಂದು ಹೊದಿಕೆ ಬೀಳುತ್ತದೆ. ಇದನ್ನು ಯಾವ ಟೆಕ್ಸ್ಟ್‌ಬುಕ್ಕೂ ಹೇಳುವುದಿಲ್ಲ.

ಸೀರೆ ಎಳೆದು, ಹೊಸ ನೀರು ಹಾಕಿ, ಮತ್ತೆ ಶುರು ಮಾಡುವಷ್ಟರಲ್ಲಿ ಕಡಲ ಕಡೆಯಿಂದ ಮೋಡ ಬಂತು. ಬಂದದ್ದು ಹೋಗಲಿಲ್ಲ. ಮೆಸೇಜ್ ಡಿಲೀಟ್ ಮಾಡೋಣ ಎಂದು ಮೊಬೈಲ್ ತೆಗೆದರೆ ಎರಡು ನೀಲಿ ಗೆರೆ. ಸರ್ ಓದಿಯಾಗಿತ್ತು.

ಸೋಮವಾರ ಮಣಿಪಾಲ. ಮೂವರನ್ನೂ ಒಟ್ಟಿಗೇ ಕೂರಿಸಿದರು. ಮೊದಲನೆಯವನು ಹೆಜಮಾಡಿಯವ, ಇಸ್ತ್ರಿ ಶರ್ಟು. “ಐದು ಸಾವಿರದ ಏಳುನೂರ ಎಪ್ಪತ್ತೆರಡು ಸರ್!” ಎರಡನೆಯವಳು ಉಡುಪಿಯವಳು, ಇನ್ನೂ ಚುರುಕು. “ನನಗೂ ಅಷ್ಟೇ ಸರ್, ಪಾಯಿಂಟ್ ಸೊನ್ನೆ!”

ಕೆಲಸ ಹೋಯಿತು ಎಂದುಕೊಂಡೆ. ಸರ್ ಮೊಬೈಲಿನಲ್ಲಿ ನನ್ನ ಮೆಸೇಜ್ ಇರುವಾಗ ಸುಳ್ಳು ಹೇಳುವ ದಾರಿಯೂ ಇರಲಿಲ್ಲ. ಸೀರೆ, ಕಾಗೆ, ಅಂಗಾಲು, ಎಲ್ಲವನ್ನೂ ಹೇಳಿದೆ. ಪಕ್ಕದ ಇಬ್ಬರೂ ಕೆಮ್ಮಿದಂತೆ ನಕ್ಕರು.

ಸರ್ ನಗಲಿಲ್ಲ. ಹೆಜಮಾಡಿಯವನ ಕಡೆ ತಿರುಗಿದರು. “ನಿಮ್ಮ ನೀರು ಎಷ್ಟು ಬಿಸಿಯಾಯಿತು?”

“ಅದು... ಸರ್, ನಮ್ಮಲ್ಲಿ ಬೆಳಗ್ಗಿನಿಂದ ಮೋಡ ಇತ್ತು.”

“ಮೋಡದಲ್ಲಿ ಐದು ಸಾವಿರದ ಏಳುನೂರ ಎಪ್ಪತ್ತೆರಡು ಬಂತಾ?”

ಅವನು ನೆಲ ನೋಡಿದ. “ನೀವು ಪಾತ್ರೆಗೆ ಯಾವ ಬಣ್ಣ ಹೊಡೆದದ್ದಮ್ಮ?” ಎಂದು ಕೇಳಿದಾಗ ಪಾಯಿಂಟ್ ಸೊನ್ನೆಯವಳು ಕಿಟಕಿ ನೋಡಿದಳು.

ಸರ್ ನನ್ನತ್ತ ತಿರುಗಿದರು. “ನೀವು ಸೂರ್ಯನನ್ನು ಅಳೆಯಲಿಲ್ಲ ಮಾರಾಯ್ರೆ. ನಿಮ್ಮ ಮಾವ್ಶಿಯ ಸೀರೆಯಲ್ಲಿ ಎಷ್ಟು ಬಿಸಿಲು ದಾಟುತ್ತದೆ ಎಂದು ಅಳೆದಿದ್ದೀರಿ. ಆದರೆ ಅಳೆದಿದ್ದೀರಿ. ಜೂನಿನಿಂದ ಬನ್ನಿ. ಟೆರೇಸಿಗೆ ಮಾತ್ರ ನೀವೇ ಹತ್ತಬೇಕು.”

ನಾನು ಕುರ್ಚಿಯಿಂದ ಏಳಲು ಮರೆತೆ. ಖುಷಿಗಲ್ಲ, ಗಾಬರಿಗೆ.

ತಪ್ಪು ಉತ್ತರ ತಂದವನಿಗೆ ಕರೆದು ಕೆಲಸ ಕೊಡಬೇಕಾದಷ್ಟು ಅಪರೂಪವಾಗಿ ಹೋಯಿತೇ, ನಿಜವಾಗಿ ಅಳೆದು ನೋಡುವುದು?