ಕೆಳಗೆ ಬರೆಯುವ ಮರ್ಯಾದೆ

ವಿಕಿ ಎಂದರೆ ಗುಂಪಿನಲ್ಲಿ ಯಾರು ಬೇಕಾದರೂ ತಿದ್ದಬಹುದಾದ ಪುಟಗಳು ಎಂದು ನಮಗೆ ಹೇಳಿಕೊಟ್ಟ ನಮ್ಮ ಗೈಡೇ, ನಾನು ತಿದ್ದಿದ ಮೊದಲ ಸಾಲಿಗೆ ನನ್ನನ್ನು ಕೋಣೆಗೆ ಕರೆಸಿ ಬೈದರು. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಎರಡು ಸಾವಿರದ ದಶಕದ ನಡುವಿನ ಮಾತು. ಮೈಸೂರಿನಿಂದ ಪಿಎಚ್‌ಡಿಗೆಂದು ಚೆನ್ನೈಗೆ ಹೋದವಳು ತಾಂಬರಂನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ದಿನಾ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಲ್ಯಾಬಿಗೆ ಹೋಗುತ್ತಿದ್ದೆ. ಕ್ರೋಂಪೇಟೆಯ ಸುತ್ತ ಹಿಂದೆ ಚರ್ಮ ಹದ ಮಾಡುತ್ತಿದ್ದ ಜಾಗಗಳ ಬಾವಿಗಳಲ್ಲಿ ಎಷ್ಟು ಕ್ರೋಮಿಯಂ ಇಳಿದಿದೆ ಎಂದು ಪತ್ತೆ ಮಾಡುವುದು ನಮ್ಮ ಗುಂಪಿನ ಕೆಲಸ. ಯಾವ ಪರೀಕ್ಷೆಯನ್ನು ಹೇಗೆ ಮಾಡಬೇಕು ಎಂಬುದೆಲ್ಲ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ ಇತ್ತು. ಅದನ್ನು ಒಂದೆಡೆ ಬರೆದಿಡಲಿ ಎಂದು ವಿಕಿ ಬಂತು. ನನಗಂತೂ ಖುಷಿಯೋ ಖುಷಿ.

ಬಾವಿ ನೀರನ್ನು ತರುವ ವಿಧಾನದ ಪುಟ ಬರೆದವರು ನಮ್ಮ ಸೀನಿಯರ್. ಗೈಡ್ ಅವರ ಕಣ್ಮಣಿ. ಅಷ್ಟರಲ್ಲಾಗಲೇ ದೆಹಲಿಯಲ್ಲಿ ಕೆಲಸ ಸಿಕ್ಕಿ ಹೋಗಿದ್ದರು. ತಂದ ಪ್ರತಿ ಬಾಟಲಿಗೂ ತಕ್ಷಣ ನೈಟ್ರಿಕ್ ಆಮ್ಲ ಹಾಕಬೇಕು ಎಂದು ಅವರು ಬರೆದಿದ್ದರು. ಅವರ ಕೆಲಸಕ್ಕೆ ಅದು ಸರಿಯೇ, ಅವರು ಒಟ್ಟು ಕ್ರೋಮಿಯಂ ಮಾತ್ರ ಅಳೆಯುತ್ತಿದ್ದರು. ಆದರೆ ಕ್ರೋಮಿಯಂನಲ್ಲಿ ಎರಡು ಬಗೆ. ಒಂದು ಅಷ್ಟೇನೂ ಕೆಟ್ಟದ್ದಲ್ಲ, ಇನ್ನೊಂದು ವಿಷ. ಚರಂಡಿ ಕೊಳೆ ಬೆರೆತ ನೀರಿಗೆ ಆಮ್ಲ ಹಾಕಿ ಇಟ್ಟರೆ ವಿಷದ ಬಗೆ ಬಾಟಲಿಯೊಳಗೇ ಆ ಕೆಟ್ಟದ್ದಲ್ಲದ ಬಗೆಯಾಗಿ ಬದಲಾಗಿಬಿಡುತ್ತದೆ. ಬಾವಿಯಲ್ಲಿ ವಿಷವಿದ್ದರೂ ಬಾಟಲಿಯಲ್ಲಿ ಸಿಗುವುದಿಲ್ಲ.

ಹಾಗಾಗಿ, ವಿಷದ ಬಗೆ ಅಳೆಯುವುದಿದ್ದರೆ ಆಮ್ಲ ಹಾಕಬಾರದು ಎಂದು ನಾನು ಆ ಸಾಲನ್ನು ತಿದ್ದಿದೆ. ಮಾರನೆಯ ದಿನ ಗೈಡ್ ಕರೆಸಿದರು. ಅವರಾಡಿದ ಇಂಗ್ಲಿಷನ್ನು ಕನ್ನಡದಲ್ಲಿ ಹೇಳುವುದಾದರೆ, "ಸೀನಿಯರ್ ಬರೆದದ್ದನ್ನು ಅಳಿಸುವುದು ಮರ್ಯಾದೆಯಲ್ಲಮ್ಮ. ಹಳೆಯದನ್ನೇ ಹಾಕು. ನಿನ್ನ ಅಭಿಪ್ರಾಯ ಏನಿದೆಯೋ ಅದನ್ನು ಪುಟದ ಕೆಳಗೆ ಬರಿ."

ಅಭಿಪ್ರಾಯವಂತೆ. ಆಮ್ಲ ಏನು ನನ್ನ ಅಭಿಪ್ರಾಯ ಕೇಳಿಕೊಂಡು ಕೆಲಸ ಮಾಡುತ್ತದೆಯೇ?

ಅಂದಿನಿಂದ ಅದೇ ನಮ್ಮ ಗುಂಪಿನ ಪದ್ಧತಿಯಾಯಿತು. ಹಿರಿಯರ ಸಾಲನ್ನು ಯಾರೂ ಮುಟ್ಟುವಂತಿಲ್ಲ. ಪುಟದ ಮೇಲ್ಭಾಗದಲ್ಲಿ ತಪ್ಪು ರಾಜನ ಹಾಗೆ ಕೂತಿರುತ್ತಿತ್ತು, ಸರಿಯಾದದ್ದು ಕೆಳಗೆ ಕೈಮುಗಿದುಕೊಂಡು ನಿಂತಿರುತ್ತಿತ್ತು. "ದಯವಿಟ್ಟು ಅನ್ಯಥಾ ಭಾವಿಸಬಾರದು, ಹತ್ತು ಮಿಲಿ ಸಾಕೇನೋ ಎಂದು ನನ್ನ ಅನಿಸಿಕೆ" ಎಂಬ ಧಾಟಿಯ ಟಿಪ್ಪಣಿಗಳು ಪ್ರತಿ ಪುಟದ ಬುಡದಲ್ಲೂ ಬೆಳೆದವು. ನಾನೂ ಹಲ್ಲು ಕಚ್ಚಿ ನನ್ನ ಮಾತನ್ನು ಕೆಳಗೇ ಬರೆದೆ. ಓದುವವರು ಕೊನೆಯವರೆಗೆ ಓದಿದರೆ ಸಾಕು ಎಂದುಕೊಂಡೆ.

ಆ ವರ್ಷ ಬೇಸಿಗೆಗೆ ಮುಂಚೆ ನನ್ನನ್ನು ಒಂದು ಯಂತ್ರದ ಕೆಲಸಕ್ಕೆಂದು ಕೆಲವು ತಿಂಗಳು ಹೈದರಾಬಾದಿಗೆ ಕಳಿಸಿದರು. ನಾನಿಲ್ಲದಾಗ, ನಮಗೆ ಹಣ ಕೊಡುವ ಕಮಿಟಿ ಲ್ಯಾಬ್ ನೋಡಲು ಬರುವುದೆಂದು ಗೊತ್ತಾಯಿತು. ಗೈಡ್ ಇಡೀ ವಿಕಿಯನ್ನು ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡ್ ಮಾಡಿಸಿ, ಕೆಂಪು ಪೆನ್ನು ಹಿಡಿದು ಕೂತರಂತೆ. ಪುಟಗಳ ಬುಡದಲ್ಲಿದ್ದ ಟಿಪ್ಪಣಿಗಳನ್ನೆಲ್ಲ ಹೊಡೆದು ಹಾಕಿದರು. ಹೊರಗಿನವರು ನೋಡಿದರೆ ಮನೆಯವರೇ ಜಗಳ ಆಡಿದ ಹಾಗಿರುತ್ತದೆ ಎಂದು. ಯಾರೋ ಕೂತು ಆ ಕೆಂಪು ಗೀರುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದರು. ಪುಟಗಳು ಲಕ್ಷಣವಾದವು.

ಅದಾದ ಮೇಲೆ ಒಬ್ಬಳು ಹುಡುಗಿ ಸೇರಿದಳು. ಮನೆಯವರು ಕುಂದಾಪುರದ ಕಡೆಯವರು, ಅಪ್ಪ ಕೋಡಂಬಾಕ್ಕಂನಲ್ಲಿ ಹೋಟೆಲು ನಡೆಸುತ್ತಿದ್ದರು. ಹುಟ್ಟಿ ಬೆಳೆದದ್ದೆಲ್ಲ ಚೆನ್ನೈಯಲ್ಲೇ ಆದ್ದರಿಂದ ಅವಳ ಕನ್ನಡದಲ್ಲಿ ಅರ್ಧ ತಮಿಳು. ವಿಷದ ಕ್ರೋಮಿಯಂ ಅಳೆಯುವುದೇ ಅವಳ ವಿಷಯ. ಹೇಗೆ ಮಾಡಬೇಕು ಎಂದು ಕೇಳಿದ್ದಕ್ಕೆ ಗೈಡ್ ವಿಕಿ ನೋಡು ಎಂದರು. ಅವಳು ನೋಡಿದಳು. ಬೇಸಿಗೆಯಿಡೀ ಐಸ್ ಪೆಟ್ಟಿಗೆ ಹೊತ್ತುಕೊಂಡು ಬಾವಿಯಿಂದ ಬಾವಿಗೆ ಅಲೆದು ನೀರು ತಂದಳು, ಒಂದೂ ಬಿಡದೆ ಎಲ್ಲ ಬಾಟಲಿಗೂ ಆಮ್ಲ ಹಾಕಿದಳು.

ನಾನು ಹಿಂತಿರುಗಿದಾಗ ಮಳೆ ಶುರುವಾಗಿತ್ತು. ಊಟದ ಡಬ್ಬಿ ಬಿಚ್ಚುತ್ತ ಅವಳು, "ಅಕ್ಕಾ, ಬಾವಿ ನೀರು ಮಂಜಳ್ ಮಂಜಳಾಗಿ ಇತ್ತು. ರೀಡಿಂಗ್ ಮಾತ್ರ ಬರ್ತಾನೇ ಇಲ್ಲ. ಮೆಷಿನ್ ಸರಿ ಇಲ್ವಾ?" ಎಂದಳು.

ನೀರು ಹಳದಿಯಾಗಿತ್ತು ಎಂದರೆ ವಿಷ ಕಣ್ಣಿಗೇ ಕಾಣುತ್ತಿತ್ತು ಎಂದರ್ಥ. ಎದ್ದು ಹೋಗಿ ವಿಕಿ ತೆರೆದೆ, ಪುಟದ ಕೆಳಗೆ ನನ್ನ ಟಿಪ್ಪಣಿ ಇರಲಿಲ್ಲ. ಬಾವಿಗಳಿಗೆ ಈಗ ಮಳೆ ನೀರು ಬೆರೆತಿದೆ, ಮತ್ತೆ ನೀರು ತರಬೇಕೆಂದರೆ ಮುಂದಿನ ಬೇಸಿಗೆಗೆ ಕಾಯಬೇಕು. ಅವಳ ಮೊದಲ ವರ್ಷದ ರಿವ್ಯೂ ಹತ್ತಿರ ಬಂದಿತ್ತು. ತೋರಿಸಲು ಏನೂ ಇಲ್ಲದಿದ್ದರೆ ಫೆಲೋಶಿಪ್ ನಿಲ್ಲುತ್ತಿತ್ತು, ಅವಳು ಬಿಟ್ಟು ಹೋಗಬೇಕಾಗುತ್ತಿತ್ತು.

ನೇರ ಗೈಡ್ ಕೋಣೆಗೆ ಹೋದೆ. ಅವರು ಕನ್ನಡಕ ಒರೆಸುತ್ತ, "ಅವಳು ಯಾರನ್ನಾದರೂ ಕೇಳಬೇಕಿತ್ತು" ಎಂದರು.

"ನಿಮ್ಮನ್ನೇ ಕೇಳಿದಳಲ್ಲ ಸಾರ್. ವಿಕಿ ನೋಡು ಅಂದಿರಿ. ವಿಕಿಯಲ್ಲಿದ್ದದ್ದನ್ನ ನೀವೇ ಹೊಡೆದು ಹಾಕಿದ್ರಿ."

"ದನಿ ಎತ್ತಬೇಡ" ಎಂದರು. ಅಷ್ಟೇ. ಒಬ್ಬ ಹುಡುಗಿಯ ಒಂದು ಬೇಸಿಗೆ ಮಣ್ಣು ಪಾಲಾಗಿತ್ತು, ಅವರಿಗೆ ಚಿಂತೆ ನನ್ನ ದನಿಯದು.

ನಾನು ಹೊರಗೆ ಬಂದು ಕಂಪ್ಯೂಟರಿನ ಮುಂದೆ ಕೂತು ಸೀನಿಯರ್ ಬರೆದ ಸಾಲನ್ನು ಕಿತ್ತು ಹಾಕಿದೆ. ಸರಿಯಾದದ್ದನ್ನು ಪುಟದ ಮೇಲೆಯೇ ಬರೆದೆ, ಯಾವ ದಯವಿಟ್ಟೂ ಇಲ್ಲದೆ.

ಸಂಜೆ ಸ್ಟೇಷನ್ನಿನಲ್ಲಿ ಹುಡುಗಿ ನನ್ನ ಹಿಂದೆಯೇ ಓಡಿಬಂದಳು. "ಅಕ್ಕಾ, ಕೋಪ ಮಾಡ್ಕೋಬೇಡಿ. ಆ ಲೈನ್ ಪಳೇ ಮಾದರಿನೇ ಇರಲಿ, ರಿವ್ಯೂ ಮುಗಿಯೋ ತನಕ. ನಾನೇ ನಿಮ್ಮ ಹತ್ರ ಕಂಪ್ಲೇಂಟ್ ಮಾಡ್ದೆ ಅಂತ ಸಾರ್ ನೆನಚ್ಕೊಳ್ತಾರೆ."

"ನಿಂಗೇನ್ ತಲೆ ಕೆಟ್ಟಿದ್ಯಾ? ನಾಳೆ ಇನ್ನೊಬ್ರು ಬಂದು ಅದನ್ನೇ ಓದಿ ಅದನ್ನೇ ಮಾಡ್ತಾರೆ."

ನಾನು ಸಾಲನ್ನು ಬದಲಿಸಲಿಲ್ಲ. ಎರಡು ದಿನ ಬಿಟ್ಟು ನೋಡಿದರೆ ಹಳೆಯ ಸಾಲು ತನ್ನ ಜಾಗದಲ್ಲಿ ಮತ್ತೆ ಕೂತಿತ್ತು. ಹಾಕಿದವರು ಯಾರು ಎಂದು ವಿಕಿಯೇ ತೋರಿಸುತ್ತದೆ. ಅವಳದೇ ಹೆಸರಿತ್ತು.

ರಿವ್ಯೂ ದಿನ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ರೀಡಿಂಗ್ ಯಾಕಿಲ್ಲ ಎಂದು ರಿವ್ಯೂ ಕಮಿಟಿಯವರು ಕೇಳಿದರು. ಕರೆಂಟ್ ಹೋಗಿ ಫ್ರಿಜ್ಜಿನಲ್ಲಿದ್ದ ಬಾಟಲಿಗಳೆಲ್ಲ ಕೆಟ್ಟುಹೋದವು ಎಂದಳು. ಚೊಕ್ಕ ಇಂಗ್ಲಿಷಿನಲ್ಲಿ, ಕಣ್ಣು ಮಿಟುಕಿಸದೆ. ಕಮಿಟಿಯವರು ಅಯ್ಯೋ ಪಾಪ ಎಂದು ತಲೆಯಾಡಿಸಿ ಅವಳಿಗೆ ಇನ್ನೊಂದು ವರ್ಷ ಕೊಟ್ಟರು. ನನಗೆ ಎದ್ದು ಕೂಗಬೇಕೆನಿಸಿತು. ಕೂಗಿದ್ದರೆ ಮುಳುಗುತ್ತಿದ್ದವಳು ಅವಳು.

ಹೊರಗೆ ಕಾಫಿ ಕುಡಿಯುವಾಗ ಗೈಡ್ ಅವಳ ಭುಜ ತಟ್ಟಿ, ನಮಗೆಲ್ಲ ಕೇಳುವಂತೆ, ಗುಂಪಿನ ಮರ್ಯಾದೆ ಉಳಿಸುವುದು ಹೇಗೆಂದು ಇವಳನ್ನು ನೋಡಿ ಕಲಿಯಿರಿ ಎಂದರು. ಅವಳು ನನ್ನ ಕಡೆ ನೋಡದೆ, "ಥ್ಯಾಂಕ್ಯೂ ಸಾರ್" ಎಂದಳು.