ವರನ ಕಾರು ಆಫ್ ಆಗಬಾರದು

ನಮ್ಮ ಮುಳಬಾಗಿಲಿನ ಬೀದಿಯಲ್ಲಿ ಉಮಾಶಂಕರನಷ್ಟು ಸಾಧು ಇನ್ನೊಬ್ಬನಿಲ್ಲ. ಅವನ ಮೇಲೆ ನನಗಿರುವ ಸಿಟ್ಟೂ ಅದೇ. ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತಾನೆ. ಮದುವೆಯಾಗಲಿಲ್ಲ. ಅಮ್ಮ ತೀರಿಕೊಂಡ ಮೇಲೆ ತಾನೇ ಅನ್ನ ಬೇಯಿಸಿ, ತಾನೇ ಬಡಿಸಿಕೊಂಡು, ತಾನೇ ಎಲೆ ಎತ್ತುತ್ತಾನೆ. ಎದುರು ಮನೆಯವಳು ನಾನು, ವೆಂಕಟರತ್ನಮ್ಮ. ಊಟಕ್ಕೆ ಬಾರೋ ಎಂದು ಬಾಯಿ ನೋಯುವಷ್ಟು ಕರೆದಿದ್ದೇನೆ, ಬಂದರೆ ಕೇಳಿ! ಯಾರಿಗೂ ಭಾರವಾಗಬಾರದಂತೆ.

ಹೋದ ವರ್ಷ ಕೋಲಾರದಿಂದ ಒಂದು ಹಳೇ ಕಾರು ಕೊಂಡು ತಂದ.

"ಒಂಟಿ ಪಿಂಡಕ್ಕೆ ಕಾರು ಯಾಕೋ?" ಎಂದು ಬೈದೆ.

"ಯಾರಿಗಾದ್ರೂ ಬೇಕಾಗುತ್ತಲ್ಲಕ್ಕ" ಅಂದ.

ಬೇಕಾಯಿತು, ಬೇಕಾಗದೆ ಏನು! ಆಸ್ಪತ್ರೆಗೆ, ಬಸ್‌ಸ್ಟ್ಯಾಂಡಿಗೆ, ಶ್ರೀನಿವಾಸಪುರದಿಂದ ಮಾವಿನಹಣ್ಣು ತರುವುದಕ್ಕೆ, ಎಲ್ಲದಕ್ಕೂ ಉಮಾಶಂಕರನೇ. ಇಳಿದವರು ಬಾಗಿಲು ಹಾಕಿಕೊಂಡು ಒಳಗೆ ಹೋಗುತ್ತಿದ್ದರು. ಒಂದು ಲೋಟ ಕಾಫಿ ಕುಡಿದು ಹೋಗು ಅಂದವರನ್ನು ನಾನು ಕಾಣೆ.

ಅಷ್ಟರಲ್ಲಿ ಪಕ್ಕದ ಮನೆಯ ನಾಗರಾಜನ ಮಗಳು ಮೃದುಲಾಗೆ ಮದುವೆ ಗೊತ್ತಾಯಿತು. ಉಮಾಶಂಕರನ ಸ್ಕೂಟರಿನ ಮುಂದೆ ನಿಂತು ಸ್ಕೂಲಿಗೆ ಹೋದ ಹುಡುಗಿ ಅದು. "ಉಮಾ ಮಾಮ, ಗಂಡು ನಿನ್ನ ಕಾರಲ್ಲೇ ಛತ್ರಕ್ಕೆ ಬರ್ಬೇಕು" ಅಂದಳಂತೆ. ಅವನು ಅದನ್ನು ನನಗೆ ಹೇಳಿದಾಗ ಮುಖ ನೋಡಬೇಕಿತ್ತು, ತನಗೇ ಮದುವೆ ಗೊತ್ತಾದ ಹಾಗಿತ್ತು.

ಕಾರಿಗೆ ಮಾತ್ರ ರೋಗ ಹಿಡಿದಿತ್ತು. ಓಡುವಾಗ ಏನೂ ಇಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಗಡಗಡ ನಡುಗಿ ಆಫ್. ವರನ ಕಾರೋ, ಗುಡಿಯಿಂದ ಛತ್ರದವರೆಗೆ ಓಲಗದವರ ಹಿಂದೆ ನಿಂತು ನಿಂತು ತೆವಳಬೇಕು. ನಡುದಾರಿಯಲ್ಲಿ ಆಫ್ ಆಯಿತೋ, ಅಪಶಕುನ ಅನ್ನುವವರಿಗೇನು ಬರವೇ? ಹುಡುಗಿಯ ಕಾಲ್ಗುಣ ಎಂದುಬಿಡುತ್ತಾರೆ. ಪಾಪ, ಅವನು ನಿದ್ದೆಗೆಟ್ಟ.

ಮೆಕ್ಯಾನಿಕ್ ನರೇಶ್ ಮನೆಗೇ ಬಂದು ಬಾನೆಟ್ ಎತ್ತಿ ನೋಡಿದ. "ಇಲಿ ಪೈಪ್ ಕಡಿದೈತೆ ಸಾರ್. ಗಾಳಿ ಲೀಕ್ ಆಗಿ ನಿಂತಲ್ಲೇ ಆಫ್ ಆಗ್ತೈತೆ. ಶೆಡ್ಡಲ್ಲಿ ತಿನ್ನೋದೇನಾದ್ರೂ ಇಡ್ತೀರಾ?"

ಉಮಾಶಂಕರ ಮುಖ ತಿರುಗಿಸಿದ. ನರೇಶ್ ಹೋದ ಮೇಲೆ ಬಾಯಿಬಿಟ್ಟ. ದಿನಾ ಊಟಕ್ಕೆ ಕೂರುವ ಮುಂಚೆ ಶೆಡ್ಡಿನ ಮೂಲೆಯಲ್ಲಿ ಒಂದು ಹಿಡಿ ಅನ್ನ ಇಡುತ್ತಿದ್ದನಂತೆ.

"ಗಣಪತಿ ವಾಹನ ಅಲ್ವೇನಕ್ಕ" ಅಂದವನು ಆಮೇಲೆ ಮೆಲ್ಲಗೆ, "ಊಟದ ಹೊತ್ತಿಗೆ ಅದೊಂದು ಬರ್ತಿತ್ತು" ಅಂದ.

ಬೈಯಲು ಬಾಯಿ ತೆರೆದವಳು ಮುಚ್ಚಿಕೊಂಡೆ.

ಪೈಪು ಹೊಸದಾಯಿತು, ಅನ್ನ ಇಡುವುದು ನಿಂತಿತು. ಮದುವೆಯ ದಿನ ಬಿಳೀ ಶರಟು ಹಾಕಿಕೊಂಡು, ಹೂವಿನ ಹಾರ ಕಟ್ಟಿದ ಕಾರಿನಲ್ಲಿ ಗಂಡನ್ನು ಕೂರಿಸಿಕೊಂಡು ಬಂದ. ಓಲಗದವರು ಹೆಜ್ಜೆಹೆಜ್ಜೆಗೂ ನಿಂತರು. ಕಾರು ಒಂದು ಸಲವೂ ಆಫ್ ಆಗಲಿಲ್ಲ. ಛತ್ರದ ಬಾಗಿಲಲ್ಲಿ ಗಂಡಿಗೆ ಆರತಿಯಾಯಿತು. ಆಗ ಗಂಡಿನ ಸೋದರಮಾವ ಕಾರಿನ ಕಿಟಕಿ ತಟ್ಟಿದರು.

"ಡ್ರೈವರ್, ಗಾಡಿ ಆ ಕಡೆ ಹಾಕಪ್ಪ. ನಿಮ್ಗೆಲ್ಲ ಊಟ ಹಿಂದ್ಗಡೆ."

ನಾಗರಾಜ ಅಲ್ಲೇ ಇದ್ದ, ಕೇಳಿಸಿಕೊಂಡ. "ಬನ್ನಿ, ಒಳಗೆ ಬನ್ನಿ" ಎಂದು ಬೀಗರನ್ನು ಕರೆದುಕೊಂಡು ಹೊರಟೇಹೋದ. ಇವನು ನಮ್ಮ ಉಮಾಶಂಕರ ಅನ್ನುವುದಕ್ಕೆ ಅವನ ನಾಲಗೆ ಬಿದ್ದುಹೋಗಿತ್ತೇ? ನನಗೆ ಮೈಯೆಲ್ಲ ಉರಿಯಿತು. ಜಗಳಕ್ಕೆಂದು ಸೆರಗು ಸಿಕ್ಕಿಸಿಕೊಂಡೆ.

"ಸುಮ್ನಿರಕ್ಕ" ಎಂದು ಉಮಾಶಂಕರ ಬೇಡಿಕೊಂಡ. "ಗಾಡಿ ಆಫ್ ಆಗ್ಲಿಲ್ವಲ್ಲ, ಸಾಕು."

ಊಟದ ಹೊತ್ತಿಗೆ ಒಳಗೆ ಅವನು ಕಾಣಲಿಲ್ಲ. ಹುಡುಕಿಕೊಂಡು ಹಿಂದುಗಡೆ ಹೋದೆ. ಡ್ರೈವರ್‌ಗಳ ಪಂಕ್ತಿಯಲ್ಲಿ ಮಾಲೂರಿನ ವ್ಯಾನಿನವನೊಬ್ಬ ಅವನ ಕೈಹಿಡಿದು ಎಳೆಯುತ್ತಿದ್ದ. "ಬಾರಣ್ಣ, ಇಲ್ಲಿ ಜಾಗ ಐತೆ. ಯಾವೂರು ನಿಂದು?" ಉಮಾಶಂಕರ ತಾನು ಡ್ರೈವರ್ ಅಲ್ಲ ಅನ್ನಲೇ ಇಲ್ಲ. ಕೂತ. ಕಾರಿನ ಪೈಪಿನ ಕಥೆ ಹೇಳಿದ. ಅವರೆಲ್ಲ ಬಿದ್ದು ಬಿದ್ದು ನಕ್ಕರು, ಇವನೂ ನಕ್ಕ. ಪಕ್ಕದವನು ಇವನ ಎಲೆಗೆ ಇನ್ನೊಂದು ಸೌಟು ಹುಳಿ ಹಾಕಿಸಿದ.

ಎದ್ದು ಒಳಗೆ ಬಾರೋ ಎಂದು ಕೂಗಲು ಹೋದವಳು ಅಲ್ಲೇ ಸುಮ್ಮನಾದೆ. ಒಳಗೆ ಅವನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಳ್ಳುವವರು ಯಾರಿದ್ದರು?