ಅಂಚು ತೆಳುವಾದ ತಗಡು

ಸ್ಟೀಲಿನ ತಟ್ಟೆ ಕೈಜಾರಿ ನೆಲಕ್ಕೆ ಬಿದ್ದರೆ ಉಳಿದವರು ಕಿವಿ ಮುಚ್ಚಿಕೊಳ್ಳುತ್ತಾರೆ. ನಾನು ಮುಖ ಮುಚ್ಚಿಕೊಳ್ಳುತ್ತೇನೆ. ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಪಾಠ ಹೇಳುವ ನನಗೆ ತಗಡಿನ ಸದ್ದಡಗಿಸುವುದೇ ಸಂಶೋಧನೆಯ ವಿಷಯ. ತೊಂಬತ್ತರ ದಶಕದ ಕೊನೆಯಲ್ಲಿ, ಕಳಸದ ಹತ್ತಿರದ ಮಾವನ ಮನೆಯಲ್ಲಿ ನನ್ನ ಮಾನ ಕಳೆದದ್ದೂ ಅದೇ ವಿಷಯ.

ತತ್ವ ಸರಳ. ತಗಡಿಗೆ ಪೆಟ್ಟು ಬಿದ್ದರೆ ನಡುಕ ಅಂಚಿನವರೆಗೆ ಓಡಿ, ಅಲ್ಲಿ ಡಿಕ್ಕಿ ಹೊಡೆದು ವಾಪಸು ಬರುತ್ತದೆ. ಈ ಹೋಗಿಬರುವ ಗಲಾಟೆಯೇ ನಮಗೆ ಕೇಳುವ ಸದ್ದು. ಅಂಚನ್ನು ಬರಬರುತ್ತ ತೆಳುವಾಗುವಂತೆ ಉಜ್ಜಿ ಸವೆಸಿದರೆ, ಕೆಸರಿಗಿಳಿದ ಎಮ್ಮೆಯಂತೆ ಅಲೆ ಅಲ್ಲಿ ನಿಧಾನವಾಗುತ್ತದೆ. ತುದಿಗೆ ಚೂರು ರಬ್ಬರ್ ಅಂಟಿಸಿದರೆ ಅಲ್ಲೇ ಕರಗುತ್ತದೆ, ತಿರುಗಿ ಬರುವುದಿಲ್ಲ.

ಮಾವನ ಮನೆಗೆ ತಾಗಿದಂತೆಯೇ ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಇದೆ. ಕೊಯ್ದ ಹಣ್ಣನ್ನು ಅಂದೇ ಸಂಜೆ ಅದಕ್ಕೆ ಹಾಕಬೇಕು, ಬಿಟ್ಟರೆ ರಾಶಿ ಬಿಸಿಯೇರಿ ಹುಳಿ ಬರುತ್ತದೆ. ಹೆಣ್ಣು ನೋಡಲು ಬರುವವರೂ ಸಂಜೆಯೇ ಬರುತ್ತಾರೆ. ನನ್ನ ನಾದಿನಿ ಸುಮಾಳನ್ನು ನೋಡಲು ಹಿಂದೊಮ್ಮೆ ಬಂದವರ ಪ್ರತಿ ಪ್ರಶ್ನೆಗೂ ಆ ಗದ್ದಲದಲ್ಲಿ ಅವಳು "ಆಂ?" ಎಂದಿದ್ದಳು. ಹುಡುಗಿಗೆ ಕಿವಿ ಮಂದವಂತೆ ಎಂಬ ಸುದ್ದಿ ಕೊಟ್ಟಿಗೆಹಾರ ದಾಟಿ ಹೋಯಿತು. ಅತ್ತೆ ಅತ್ತರು.

ಮುಂದಿನ ಸಲ ಮೂಡಿಗೆರೆ ಕಡೆಯವರು ಬರುತ್ತಾರೆಂದಾಗ ನಾನು ಎದೆ ತಟ್ಟಿಕೊಂಡೆ. "ಪಲ್ಪರ್ ಓಡುತ್ತಲೇ ಇರಲಿ. ಸದ್ದು ನನಗೆ ಬಿಡಿ." ಪಲ್ಪರಿನ ಬೆಲ್ಟಿಗೆ ಅಡ್ಡ ಇರುವ, ಅದರ ಜೊತೆ ನಡುಗಿ ಸದ್ದೆಬ್ಬಿಸುವ ದಪ್ಪ ಕಬ್ಬಿಣದ ತಗಡನ್ನು ಕಾಲೇಜಿಗೆ ಹೊತ್ತೊಯ್ದು, ಅಂಚು ಸವೆಸಿ, ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿ ತಂದೆ. ಸ್ಪ್ಯಾನರಿನಿಂದ ಕುಟ್ಟಿ ತೋರಿಸಿದೆ. ಮೊದಲು ಠಣ್ ಎನ್ನುತ್ತಿದ್ದದ್ದು ಈಗ ದಬ್ ಎಂದಿತು.

"ಎಂತ ತಲೆ ಮಾರಾಯ್ರೆ ಭಾವಂದು!" ಎಂದ ಹೆಂಡತಿಯ ತಮ್ಮ ಸುರೇಶ. ನಾನು ಉಬ್ಬಿದೆ.

ಸಂಜೆ ಗಂಡಿನ ಕಡೆಯವರು ಕೂತರು. ಸುರೇಶ ಕೆಳಗಿಳಿದು ಸ್ವಿಚ್ ಹಾಕಿದ. ಒಂದು ಕ್ಷಣ ಗುಂಯ್ ಎಂದದ್ದು ಸಟ್ಟನೆ ನಿಂತಿತು. ಶಬ್ದವನ್ನು ತಗಡು ನುಂಗಿಯೇಬಿಟ್ಟಿತು ಎಂದುಕೊಂಡೆ! ಸುಮಾ ಕೇಳಿದ್ದಕ್ಕೆಲ್ಲ ತಣ್ಣಗೆ ಉತ್ತರಿಸುತ್ತಿದ್ದಳು. ತಡೆಯಲಾರದೆ ನಾನು ಹುಡುಗನ ಅಪ್ಪನ ಕಡೆ ಬಾಗಿ, "ಗೌಡ್ರೆ, ಈಗ ಪಲ್ಪರ್ ಓಡ್ತಾ ಇದೆ, ಗೊತ್ತಾಗುತ್ತಾ?" ಎಂದೆ. ತಾವೇ ಕಾಫಿತೋಟ ಮಾಡುವ ಮನುಷ್ಯ. ಕಿವಿಗೊಟ್ಟು ಆಲಿಸಿದಂತೆ ಮಾಡಿ, "ಇಲ್ವೇ ಇಲ್ಲ! ಭಾರಿ ಕೆಲ್ಸ ನಿಮ್ದು," ಎಂದರು. ಆಮೇಲೆ ಅಲೆ, ಅಂಚು, ರಬ್ಬರು ಎಂದು ನಾನು ಕೊರೆದದ್ದನ್ನೆಲ್ಲ ತಲೆದೂಗಿ ಕೇಳಿದರು.

ಹೊರಡುವಾಗ ಅವರು ಅಂಗಳದಲ್ಲಿ ಸುರೇಶನ ಹೆಗಲ ಮೇಲೆ ಕೈಯಿಟ್ಟರು. ಎಲೆಅಡಿಕೆ ತಟ್ಟೆ ಹಿಡಿದು ನಾನು ಹಿಂದೆಯೇ ಇದ್ದದ್ದು ಅವರಿಗೆ ತಿಳಿಯಲಿಲ್ಲ.

"ಇನ್ನು ಹಾಕಿ ಪಲ್ಪರ್‌ನ, ಹಣ್ಣು ಬಿಸಿಯೇರುತ್ತೆ. ಅಳಿಯನ ಮಾತು ಹುಸಿ ಆಗ್ಬಾರ್ದು ಅಂತ ಇಷ್ಟು ಹೊತ್ತು ನಿಲ್ಸಿದ್ರಲ್ಲ, ನಮಗೆ ಈ ಮನೆ ಹೆಣ್ಣೇ ಆಗ್ಬೇಕು."

ಜೀಪು ತಿರುಗುವ ಮೊದಲೇ ಪಲ್ಪರ್ ಮೊರೆಯಿತು. ಮನೆಯ ಹೆಂಚೂ ನಡುಗಿತು. ನನ್ನ ಉಪಾಯ ಕೀರಲು ಕಂಪನಗಳಿಗೆ ಮಾತ್ರ ನಾಟುತ್ತದೆ, ಇಂಥ ದಪ್ಪ ಗುಂಯ್‌ಗೆ ಜಗ್ಗುವುದಿಲ್ಲ. ಪ್ರತಿ ವರ್ಷ ಹುಡುಗರಿಗೆ ಇದನ್ನೇ ಹೇಳಿಕೊಡುವವನು ನಾನು! ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಒಳಗೆ ಹೋದರೆ ಅತ್ತೆ ಏನೂ ಆಗದವರಂತೆ ನನ್ನೆದುರು ಕಾಫಿ ಇಟ್ಟು, "ನಿಮ್ಮಿಂದ ಒಳ್ಳೇದಾಯ್ತು," ಎಂದರು. ಸುರೇಶ ನೆಲ ನೋಡಿದ. ಯಾರೂ ನಗಲಿಲ್ಲ. ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ.

ನನಗೆ ತಾಗಬೇಕಾದ ಪೆಟ್ಟನ್ನು ಅವರೆಲ್ಲ ತಮ್ಮಲ್ಲೇ ಹೀರಿಕೊಂಡರು. ನನ್ನ ಅಂಚು ಮಾತ್ರ ದಪ್ಪ. ಆ ನಾಚಿಕೆ ಅಲ್ಲಿಗೆ ಹೋಗಿ ಇಂದಿಗೂ ವಾಪಸು ಬರುತ್ತಿದೆ. ಸುಮಾಳನ್ನು ಮದುವೆಯಾದ ಆ ಗೌಡರ ಮಗ, ನನ್ನ ಷಡ್ಡಕ, ಅವನೊಬ್ಬ ಮಾತ್ರ ಹಬ್ಬದೂಟಕ್ಕೆ ಕೂತಾಗಲೆಲ್ಲ ಮೊರೆಯುವ ಪಲ್ಪರಿನ ಕಡೆ ಕಿವಿ ಕೊಟ್ಟು, "ಭಾವ, ಓಡ್ತಾ ಇದೆಯಾ?" ಎಂದು ಕೂಗಿ ಕೇಳಿ ನಗುತ್ತಾನೆ. ಆಗ ನಾನು "ಆಂ?" ಎನ್ನುತ್ತೇನೆ. ಅಷ್ಟು ಹೊತ್ತು ನನ್ನ ಅಂಚೂ ಚೂರು ತೆಳುವಾಗುತ್ತದೆ.